ಲಾಯಿಲದ ಮೂರನೇ ಮಹಡಿಗೆ ಎರಡು ಸಲ

ಬಿ.ಸಿ. ರೋಡಿನಲ್ಲಿ ದಿನೇಶ ತನ್ನ ಹೊಸ ಕಾರಿನ ಬಾಗಿಲು ತೆಗೆದು ಕರೆದಾಗಲೇ ನನ್ನ ಬೆಳಗು ಅರ್ಧ ಕೆಟ್ಟಿತು. ನಾವಿಬ್ಬರೂ ಒಟ್ಟಿಗೆ ಎಂಜಿನಿಯರಿಂಗ್ ಓದಿದವರು, ಈಗ ಒಂದೇ ಕಚೇರಿಯವರು. ಕಟ್ಟಡ ಕೆಲಸ ನಡೆಯುವಲ್ಲಿ ಅಪಾಯ ಕಡಿಮೆಯೋ, ಮಧ್ಯಮವೋ, ಹೆಚ್ಚೋ ಎಂದು ಬರೆದುಕೊಡುತ್ತೇವೆ. ‘ಹೆಚ್ಚು’ ಎಂದರೆ ಕೆಲಸ ನಿಲ್ಲುತ್ತದೆ. ಅಂಕಗಳಲ್ಲಿ ಮುಂದಿದ್ದವನು ನಾನು. ಈಚೆಗೆ ಹಿರಿಯ ಪರಿಶೀಲಕನಾದವನು ಅವನು.

ನರಿಕೊಂಬಿನಲ್ಲಿ ತಡೆಗೋಡೆಗೆಂದು ಹೊಂಡ ತೆಗೆದು, ಒದ್ದೆ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಿದ್ದರು. ಕುಸಿದೀತು, ದೂರ ಹಾಕಿ ಎಂದು ನಾನು ಹೇಳಿದಾಗ ಮೇಸ್ತ್ರಿ ತಲೆಯಾಡಿಸಿದ, ಅಷ್ಟೆ. ಅದನ್ನೇ ದಿನೇಶ ತುಳುವಿನಲ್ಲಿ ನಗುತ್ತಾ ಹೇಳಿದ. ಜೆಸಿಬಿ ಕೂಡಲೇ ರಾಶಿಯತ್ತ ತಿರುಗಿತು. ತುಳು ನನಗೂ ಬರುತ್ತದೆ. ಪುಂಜಾಲಕಟ್ಟೆಯಲ್ಲಿ ಚಹಾ, ಗೋಳಿಬಜೆ. ಹೋಟೆಲಿನವರು ಕೇಳದೆಯೇ ಚಟ್ನಿ ಬಡಿಸಿದ್ದು ಅವನ ತಟ್ಟೆಗೆ ಮಾತ್ರ.

ಲಾಯಿಲದಲ್ಲಿ ದುಬೈಯಿಂದ ಮರಳಿದ ಸದಾನಂದ ಶೆಟ್ರ ಅಂಗಡಿ ಕಟ್ಟಡ. ಮೂರನೇ ಮಹಡಿಯ ರಸ್ತೆ ಬದಿಯ, ಇನ್ನೂ ಗೋಡೆಯೇಳದ ಅಂಚಿನಲ್ಲಿ ದೃಷ್ಟಿಬೊಂಬೆ: ಬೈಹುಲ್ಲು ತುಂಬಿದ ಅಂಗಿ, ಮಡಕೆಯ ತಲೆ. ಶೆಟ್ರು ದಿನೇಶನ ಹೆಗಲಿಗೆ ಕೈಹಾಕಿ, “ನಿಮ್ಮಂಥವರು ಬಂದರೆ ನಮಗೆ ಧೈರ್ಯ” ಎನ್ನುತ್ತಾ ಆಚೆ ಬದಿಗೆ ಕರೆದೊಯ್ದರು. ಬೊಂಬೆಯ ಬದಿ ನೋಡಬೇಕಿದ್ದ ನಾನು ಆ ಕೈಯನ್ನೇ ನೋಡುತ್ತಾ ನಿಂತಿದ್ದೆ.

ಕೆಳಗಿಳಿದ ಮೇಲೆ ದಿನೇಶ ಕೇಳಿದ, “ಬೊಂಬೆಯ ಹತ್ತಿರ ಜನ ಬೀಳದ ಹಾಗೆ ಅಡ್ಡಪೈಪು ಉಂಟಲ್ವಾ?”

“ಉಂಟು.”

“ಸರಿ ನೋಡಿದ್ದೀಯಲ್ಲ ಮಾರಾಯ?”

“ನನಗೆ ಕಣ್ಣಿಲ್ವಾ?”

ಅವನು ‘ಮಧ್ಯಮ’ ಎಂದು ಬರೆದ. ಮರುದಿನದಿಂದ ಆ ಅಂಚಿನಲ್ಲೇ ಹೆಂಗಸರು ಕಲ್ಲು ಹೊರುವವರಿದ್ದರು.

ಮೂಡುಬಿದಿರೆಯಲ್ಲೊಂದು ಸಭಾಭವನದ ಗೋಡೆ ಸಾರಣೆ ಕೆಲಸ ನೋಡಿ ನಾವು ಬೇರೆಯಾದೆವು. ಬೆಳ್ತಂಗಡಿ ಕಡೆಯ ತನ್ನ ಮನೆಗೆ ಅವನು ಹೊರಟ. ನಾನು ಮಂಗಳೂರಿನ ಬಸ್ಸು ಹಿಡಿಯಬೇಕಿತ್ತು. ಊಟಕ್ಕೆ ಕುಳಿತಾಗ ಲಾಯಿಲದ ಅಂಚನ್ನು ನೆನಪಿಸಿಕೊಂಡೆ. ಅಂಗಿ ಕಂಡಿತು, ಮಡಕೆ ಕಂಡಿತು. ಅಡ್ಡಕ್ಕೆ ಕಂಡದ್ದು ಪೈಪೋ, ಬೊಂಬೆಯ ತೋಳಿನ ಬಿದಿರೋ? ಎಷ್ಟು ಕೆದಕಿದರೂ ಶೆಟ್ರ ಕೈಯೇ ಕಣ್ಣ ಮುಂದೆ. ಅವರಿಗೆ ಫೋನ್ ಮಾಡಿದೆ. “ಎಲ್ಲ ಸರಿ ಉಂಟು ಸರ್, ಟೆನ್ಶನ್ ಬೇಡ.” ಟೆನ್ಶನ್ ಬೇಡವೆಂದು ಎಲ್ಲರೂ ಹೇಳುತ್ತಾರೆ. ಮಂಗಳೂರಿನದನ್ನು ಬಿಟ್ಟು, ವೇಣೂರು ದಾರಿಯಾಗಿ ಲಾಯಿಲಕ್ಕೆ ಹೋಗುವ ಬಸ್ಸು ಹತ್ತಿದೆ. ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿತು.

ಕಟ್ಟಡದ ಮುಂದೆ ಆ ಹೊಸ ಕಾರು ನಿಂತಿತ್ತು. ಸಮಾಧಾನವಾಗಬೇಕಿತ್ತು, ಮೊದಲು ಬಂದದ್ದು ಹೊಟ್ಟೆಯುರಿ.

ಮೇಲೆ ಬೊಂಬೆಯ ಎರಡೂ ಬದಿ ಖಾಲಿ. ಶೆಟ್ರು ಹೇಳುತ್ತಿದ್ದರು, “ಪೈಪು ಅಡ್ಡ ಇದ್ರೆ ಬೊಂಬೆ ರಸ್ತೆಗೆ ಕಾಣುವುದಿಲ್ಲ, ಅದಕ್ಕೆ ನಿನ್ನೆಯೇ ತೆಗೆಸಿದ್ದು. ಜನರ ಕಣ್ಣು ಸಾಮಾನ್ಯದ್ದಲ್ಲ ಸರ್.”

“ಬೊಂಬೆ ಬೀಳದ ಹಾಗೆ ಮೂರು ಕಡೆ ಕಟ್ಟಿದ್ದೀರಿ ಶೆಟ್ರೇ, ಮನುಷ್ಯರಿಗೆ ಒಂದು ಕಡೆಯೂ ಇಲ್ಲ!” ಎಂದ ದಿನೇಶ, ನನ್ನನ್ನು ಕಂಡು, “ನೀನೂ ಬಂದ್ಯಾ? ಹಿಡಿ, ಪೈಪಿನ ಆ ತುದಿ” ಎಂದ.

“ನನ್ನ ಮಾತು ನಂಬಲಿಲ್ವಾ?”

“ನಂಬಿದ್ದೆ ಮಾರಾಯ. ಆದ್ರೆ ನೀನು ಸಿಟ್ಟಲ್ಲಿ ಹೇಳಿದ್ದು. ಸಿಟ್ಟು ಬಂದ್ರೆ ನೀನು ನೋಡದ್ದನ್ನೂ ನೋಡಿದ್ದೇನೆ ಅಂತಿ.”

ಪೈಪು ಹಿಡಿದು ನನ್ನ ಬದಿಯ ಕ್ಲ್ಯಾಂಪ್ ಬಿಗಿದೆ. ಬೊಂಬೆ ತಾರಸಿಗೆ ಹೋಯಿತು. ನಾವು ಹೋದ ಮೇಲೆ ಶೆಟ್ರು ಮತ್ತೆ ಪೈಪು ತೆಗೆಸಿಯಾರೆಂದು ದಿನೇಶ ‘ಹೆಚ್ಚು’ ಎಂದು ತಿದ್ದಿದ. ತಾನು ಇನ್ನೊಮ್ಮೆ ಬಂದು ನೋಡಿದ ಮೇಲೆಯೇ ಕೆಲಸ ಎಂದ. ಶೆಟ್ರು ಚಹಾ ತರಿಸಿದರು, ಮೊದಲ ಲೋಟ ಅವನಿಗೆ.

ಬಸ್ಸಿನ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಪೈಪು ಇತ್ತು, ಸಂಶಯವಿಲ್ಲ. ಒಂದು ತುದಿ ಅವನು ಬಿಗಿದದ್ದು, ಇನ್ನೊಂದು ನಾನು. ದೂರದಿಂದ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ. ಅದಕ್ಕೂ ಸ್ವಲ್ಪ ಬೇಸರವಾಯಿತು.