ಫ್ಲೆಕ್ಸಿನ ಮೇಲಿನ ಎರಡು ಸಾಲು

ಹುಣಸೂರಿನ ಹಳೇ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನೀಲಕಂಠಸ್ವಾಮಿಯವರಿಗೆ ಈಗ ಎಂಬತ್ತನಾಲ್ಕು. ಅಂಗಡಿಯನ್ನು ಮಗ ಶಿವಶಂಕರ್ ನೋಡಿಕೊಳ್ಳುತ್ತಾನೆ. ಆದರೆ ಜನ ಅವರನ್ನು ಕರೆಯುವುದು ನಾಟಕದ ಮೇಷ್ಟ್ರು ಎಂದೇ. ಹಗಲೆಲ್ಲ ಪಂಚೆ, ಸೀರೆ ಮಾರಿ, ಸಂಜೆಗೆ ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಬಸ್ಸು ಹತ್ತುತ್ತಿದ್ದರು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಹಳ್ಳಿಯಲ್ಲಿ ರೈತರಿಗೆ ನಾಟಕ ಕಲಿಸಿದರು. ತಾವೇ ಏಳು ನಾಟಕ ಬರೆದರು. ಆರನ್ನು ಜನ ಮರೆತರು. ಏಳನೆಯದರಲ್ಲಿ ಉಳಿದದ್ದು ಎರಡೇ ಸಾಲು.

ಆ ಎರಡು ಸಾಲು ಮಾತ್ರ ನಾಲ್ಕು ತಾಲ್ಲೂಕಿಗೂ ಹಬ್ಬಿಬಿಟ್ಟಿವೆ. ಹ್ಯಾಂಡ್‌ಪೋಸ್ಟಿನ ಸರ್ಕಲ್ಲಿನಲ್ಲಿ, ಕಟ್ಟೆಮಳಲವಾಡಿಯ ಬಸ್ ಸ್ಟಾಪಿನಲ್ಲಿ, ಯಾರು ತೀರಿಕೊಂಡರೂ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸಿನ ಮೇಲೆ, ಫೋಟೋದ ಕೆಳಗೆ:

ಪುಷ್ಪವೇ, ಪೂಜೆಗೆ ಮುನ್ನವೆ ಬಾಡಿದೆ,
ಬುಟ್ಟಿಯ ಹಿಡಿದಾ ಕೈ ಬರಿದಾಗಿದೆ.

ಬರೆದವರ ಹೆಸರು ಇರುವುದಿಲ್ಲ. ಹೂವಿಗೆ ಹೇಳಿದ ಮಾತೆಂದೇ ಎಲ್ಲರೂ ಓದಿಕೊಳ್ಳುತ್ತಾರೆ. ಆದರೆ ಪುಷ್ಪ ಮೇಷ್ಟ್ರ ಮಗಳು. ಐವತ್ತು ವರ್ಷದ ಹಿಂದೆ, ಆರು ವರ್ಷದವಳಾಗಿದ್ದಾಗ, ಜ್ವರ ಬಂದು ಹೋದಳು. ಜ್ವರ ಏರಿದ ದಿನ ಮೇಷ್ಟ್ರು ಪಿರಿಯಾಪಟ್ಟಣದ ಹತ್ತಿರ ನಾಟಕ ಕಲಿಸುತ್ತಿದ್ದರು. ಹೆಂಡತಿ ರುಕ್ಮಿಣಮ್ಮ ಹೇಳಿ ಕಳಿಸಿದ್ದರು. ನಾಳೆ ಬರುತ್ತೇನೆ ಎಂದು ಉತ್ತರ ಕೊಟ್ಟು ಉಳಿದರು. ಬರುವಷ್ಟರಲ್ಲಿ ಮಗುವಿನ ಹಣೆಗೆ ವಿಭೂತಿ ಬಳಿದಾಗಿತ್ತು.

ಮಣ್ಣು ಮಾಡಿದ ಮೂರನೆಯ ದಿನ ಅಂಗಡಿಯಲ್ಲಿ ಕೂತಿದ್ದ ಮೇಷ್ಟ್ರಿಗೆ ಆ ಸಾಲುಗಳು ತಾವಾಗಿ ಬಂದವು. ಬಿಲ್ಲಿನ ಹಿಂಬದಿಗೆ ಬರೆದುಕೊಂಡರು. ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು. ಆ ವರ್ಷದ ನಾಟಕದಲ್ಲಿ ಮಗುವನ್ನು ಕಳೆದುಕೊಂಡ ರಾಣಿಯೊಬ್ಬಳಿದ್ದಳು. ಅವಳ ಬಾಯಿಗೆ ಅವನ್ನು ಇಟ್ಟುಬಿಟ್ಟರು. ಹುಣಸೂರಿನಲ್ಲಿ ಮೊದಲ ಪ್ರದರ್ಶನವಾದಾಗ ಜನ ಅತ್ತರು, ಒನ್ಸ್ ಮೋರ್ ಕೇಳಿದರು. ರಾಣಿ ಮೂರು ಸಲ ಹಾಡಿದಳು. ಹಾರ್ಮೋನಿಯಂ ನುಡಿಸುತ್ತಿದ್ದ ಮೇಷ್ಟ್ರ ಮುಖದಲ್ಲಿ ಆಗ ಒಂದು ಹಿಗ್ಗು ಇತ್ತು. ಅದು ಅವರಿಗೂ ಗೊತ್ತಾಯಿತು. ತಲೆ ಎತ್ತಿದಾಗ ಹೆಂಗಸರ ಸಾಲಿನಲ್ಲಿ ಕೂತಿದ್ದ ರುಕ್ಮಿಣಮ್ಮ ಅವರನ್ನೇ ನೋಡುತ್ತಿದ್ದರು. ಮೂರನೆಯ ಸಲಕ್ಕೆ ಸೆರಗು ಹೊದ್ದು ಎದ್ದು ಹೋದರು.

ಮನೆಯಲ್ಲಿ ಅದರ ಮಾತೇ ಬರಲಿಲ್ಲ. ರುಕ್ಮಿಣಮ್ಮ ಅಡುಗೆ ಮಾಡಿದರು, ಮಗನನ್ನು ಬೆಳೆಸಿದರು, ಗಂಡನ ಪಂಚೆಗೆ ನೀಲಿ ಹಾಕಿದರು. ನಾಟಕಕ್ಕೆ ಮಾತ್ರ ಮತ್ತೆ ಬರಲಿಲ್ಲ. ಇತ್ತ ಹಾಡು ಊರಿಂದೂರಿಗೆ ಹೋಯಿತು. ಹೆಂಗಸರು ಸಾವಿನ ಮನೆಯಲ್ಲಿ ಹಾಡತೊಡಗಿದರು. ಆಮೇಲೆ ಕರಪತ್ರಕ್ಕೆ ಬಂತು, ಆಮೇಲೆ ಫ್ಲೆಕ್ಸಿಗೆ. ಯಾರದೋ ಮುಖ, ಕೆಳಗೆ ತಮ್ಮ ಮಗಳ ಹೆಸರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದನ್ನೇ ಮೇಷ್ಟ್ರು ಬಿಟ್ಟುಬಿಟ್ಟರು. ಕಣ್ಣು ಮುಚ್ಚಿಕೊಂಡರೂ ಯಾವ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆಂದು ಮೈಗೆ ಗೊತ್ತಾಗುತ್ತಿತ್ತು.

ಕಳೆದ ಮಾಘದಲ್ಲಿ ರುಕ್ಮಿಣಮ್ಮ ಲಿಂಗೈಕ್ಯರಾದರು. ಶಿವಶಂಕರ್ ಫ್ಲೆಕ್ಸಿಗೆಂದು ಫೋಟೋ ಕೊಟ್ಟು ಬಂದಿದ್ದ. ಸಂಜೆ ತಂದೆ ಮಗ ಇಬ್ಬರೂ ನೋಡಲು ಹೋದಾಗ, ಫ್ಲೆಕ್ಸ್ ಅಂಗಡಿಯ ಸುರೇಶ್ ಕಂಪ್ಯೂಟರ್ ತಿರುಗಿಸಿ ತೋರಿಸಿದ. ರುಕ್ಮಿಣಮ್ಮನ ಮುಖದ ಕೆಳಗೆ ಅವೇ ಎರಡು ಸಾಲು.

"ತೆಗೀಪ್ಪಾ ಅದನ್ನ" ಎಂದರು ಮೇಷ್ಟ್ರು.

"ಇದಿಲ್ದಿದ್ರೆ ಬೋಳುಬೋಳಾಗಿ ಕಾಣ್ತದೆ ಯಜಮಾನ್ರೇ. ಯಾರೋ ಹಿಂದಿನ ಕವಿಗಳು ಬರ್ದಿರೋದು ಕಣ್ರೀ, ಎಲ್ರೂ ಕೇಳಿ ಹಾಕಿಸ್ಕತ್ತಾರೆ."

"ತೆಗಿ."

"ಬೇರೆ ಏನ್ ಹಾಕ್ಲಿ?"

ಅರವತ್ತು ವರ್ಷ ಜೊತೆಗಿದ್ದ ಹೆಂಡತಿಗಾಗಿ ಮೇಷ್ಟ್ರಿಗೆ ಒಂದು ಸಾಲೂ ಹುಟ್ಟಲಿಲ್ಲ. ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ದಿನ ಅಷ್ಟೇ ಹಾಕಿಸಿಕೊಂಡು ಬಂದರು. ಕೆಳಗಿನ ಬಿಳಿ ಜಾಗ ನೋಡಿ, ಪ್ರಿಂಟು ತಪ್ಪಿದೆಯಾ ಎಂದು ಇಬ್ಬರು ಮೂವರು ಕೇಳಿದರು.

ಹನ್ನೊಂದನೆಯ ದಿನದ ಊಟ ಮುಗಿದು ನೆಂಟರು ಹೊರಟ ಮೇಲೆ ಪಕ್ಕದ ಮನೆಯ ವಿಮಲಮ್ಮ ಉಳಿದುಕೊಂಡರು. ರುಕ್ಮಿಣಮ್ಮನೊಂದಿಗೆ ಮೂವತ್ತು ವರ್ಷ ಒಂದೇ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆದವರು. ಪುಷ್ಪನ ಪದ ಯಾಕೆ ಹಾಕಿಸಲಿಲ್ಲ ಎಂದು ಕೇಳಿದರು. ಅದು ರುಕ್ಮಿಣಮ್ಮನಿಗೆ ಆಗುತ್ತಿರಲಿಲ್ಲ ಎಂದರು ಮೇಷ್ಟ್ರು.

"ಯಾರಂದ್ರು? ಒಗೆಯೋ ಕಲ್ಲ ತಾವ ದಿನಾ ಅದನ್ನೇ ಅಲ್ವಾ ಏಳ್ತಿದ್ದುದು ಅಕ್ಕ. ನಿಮ್ಮದು ಎರಡು ಸಾಲು, ಅದ್ರ ಕೆಳಗೆ ಅವ್ರೇ ಕಟ್ಟಿದ್ದು ಎರಡು."

ಮೇಷ್ಟ್ರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆ ಎರಡು ಸಾಲು ಹೇಳಿ ಎಂದು ಕೇಳಿದರು.

ವಿಮಲಮ್ಮ ತಲೆ ತಗ್ಗಿಸಿದರು. "ನಿಮ್ಗೆ ಮಾತ್ರ ಏಳ್ಬ್ಯಾಡ ಅಂತ ಕೈ ಮೇಲೆ ಕೈ ಇಡಿಸ್ಕಂಡಿದ್ರು ಮೇಷ್ಟ್ರೇ. ಅವ್ರಿಗೆ ಗೊತ್ತಾದ್ರೆ ಅದನ್ನೂ ನಾಟ್ಕಕ್ಕೆ ಆಕ್ಬುಡ್ತಾರೆ ಅಂದ್ರು."

ಮೇಷ್ಟ್ರು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ತಲೆಯಲ್ಲಿ ಸಾಲುಗಳು ಹುಟ್ಟುತ್ತಲೇ ಇವೆ, ಹೀಗಿರಬಹುದೇ, ಹಾಗಿರಬಹುದೇ ಎಂದು. ಪ್ರಾಸ ಸರಿಯಾಗಿ ಕೂತ ತಕ್ಷಣ ಗೊತ್ತಾಗುತ್ತದೆ, ಇದು ತನ್ನದು, ಅವಳದಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ವಿಮಲಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು. ಕಿಟಕಿಯ ಬಳಿ ಕೂತಿದ್ದ ಮೇಷ್ಟ್ರಿಗೆ ತಮ್ಮ ಮೊದಲ ಸಾಲು ಕೇಳಿತು, ಎರಡನೆಯದೂ ಕೇಳಿತು. ಮೂರನೆಯದು ಬರುವ ಮೊದಲೇ ಅವರು ಎದ್ದು, ಸದ್ದಾಗದಂತೆ ಕಿಟಕಿ ಮುಚ್ಚಿದರು.