ಓಬೇಲೆಯ ನಡುವೆ ನಾನಿಟ್ಟ ಮೌನ

ಚಾರ್ಮಾಡಿಯ ಬೆಟ್ಟದಿಂದ ಇಳಿಯುವ ನೀರು ಬೆಳ್ತಂಗಡಿ ದಾಟಿ ನಮ್ಮ ನರಿಕೊಂಬಿನ ಗದ್ದೆಗಳ ಪಕ್ಕ ಹರಿಯುವವರೆಗಿನ ದಾರಿಯನ್ನು ನಲವತ್ತು ವಾದ್ಯಗಳಿಗೆ ಸಂಗೀತವಾಗಿ ಬರೆಯಲು ಹೊರಟಾಗ, ನಾನು ಮೂಡುಬಿದಿರೆಯಲ್ಲಿ ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದೆ. ಅಟ್ಟಕ್ಕೆ ಹಾರಲಾರದವ ಬೆಟ್ಟಕ್ಕೆ ಹಾರಿಯಾನೇ ಎಂದು ಹೆಂಡತಿ ನಕ್ಕಳು. ಬೆಟ್ಟವನ್ನೂ ಹೊಳೆಯನ್ನೂ ಹೇಗೋ ಬರೆದೆ. ನಡುವಿನ ಭಾಗಕ್ಕೆ ಓಬೇಲೆ ಬೇಕಿತ್ತು. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ತುಳುವಿನಲ್ಲಿ ಹೇಳುವ ಹಾಡು.

ನಮ್ಮ ಗದ್ದೆಯಲ್ಲಿ ಹಿಂದೆ ದುಡಿಯುತ್ತಿದ್ದ, ಹಾಡು ಎತ್ತಿಕೊಡುತ್ತಿದ್ದ ಅಜ್ಜಿಯೊಬ್ಬರು ಇನ್ನೂ ಗಟ್ಟಿಯಾಗಿದ್ದರು. ಅವರನ್ನು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಮೊಬೈಲ್ ಹಿಡಿದೆ. ಕೂತು ಓಬೇಲೆ ಹೇಳಿ ಅಭ್ಯಾಸವಿಲ್ಲ ಎಂದರು, ಆದರೂ ಹೇಳಿದರು. ಪ್ರತಿ ಸಾಲಿನ ಕೊನೆಗೆ ಸುಮ್ಮನಾಗಿ ನನ್ನ ಮುಖ ನೋಡುತ್ತಿದ್ದರು. ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಮುಂದಿನ ಸಾಲಿಗೆ ಹೋಗುತ್ತಿದ್ದರು. ಕೆಮ್ಮಿದರೆ ರೆಕಾರ್ಡಿಂಗ್ ಹಾಳಾದೀತೆಂದು ನಾನು ಉಸಿರು ಬಿಗಿಹಿಡಿದಿದ್ದೆ. ಆ ಮೌನ ನನಗೆ ಬಹಳ ಹಿಡಿಸಿತು. ಗದ್ದೆ ಬಿಟ್ಟುಹೋದ ದುಃಖ ಅದರಲ್ಲಿದೆ ಎಂದು ನಾನೇ ತೀರ್ಮಾನಿಸಿದೆ. ಹಾಡಿನ ವೇಗ ತಗ್ಗಿಸಿ, ಮೂರು ಕಡೆ ಎಲ್ಲ ವಾದ್ಯಗಳೂ ನಿಲ್ಲಬೇಕೆಂದು ಬರೆದೆ.

ಮೂಡುಬಿದಿರೆಯ ಸಭಾಂಗಣದಲ್ಲಿ ಮೊದಲ ಪ್ರದರ್ಶನ. ಅಜ್ಜಿಯನ್ನು ಕಾರು ಕಳಿಸಿ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಈ ಔದಾರ್ಯವನ್ನು ನಾಲ್ಕು ಜನರಿಗೆ ಕೇಳುವಂತೆ ಹೇಳಿಯೂ ಇದ್ದೆ, ಜಂಬದ ಕೋಳಿ. ವೇದಿಕೆಯಲ್ಲಿ ಕೈಯಾಡಿಸುತ್ತ ವಾದ್ಯದವರನ್ನು ನಡೆಸುತ್ತಿದ್ದವನೂ ನಾನೇ. ಮೊದಲ ಮೌನ ಸೂಜಿ ಬಿದ್ದರೂ ಕೇಳುವಷ್ಟು ಚೆನ್ನಾಗಿ ಬಂತು. ಎರಡನೆಯದರಲ್ಲಿ ನನ್ನ ಬೆನ್ನ ಹಿಂದಿನಿಂದ ಅಜ್ಜಿಯ ಹಾಡು ಎದ್ದಿತು. ಗದ್ದೆಯ ಆಚೆ ಬದುವಿಗೆ ಕೇಳಿಸುವಂಥ ದನಿ. ಯಾರೋ ಕಿಸಕ್ಕನೆ ನಕ್ಕರು. ನಾನು ತಿರುಗಿ, ಎಲ್ಲರೂ ನೋಡುತ್ತಿದ್ದಂತೆ, ತುಟಿಯ ಮೇಲೆ ಬೆರಳಿಟ್ಟೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೂರನೆಯ ಮೌನ ನಾನು ಬರೆದ ಹಾಗೆಯೇ ಬಂತು.

ಮುಗಿದ ಮೇಲೆ ಶಾಲು, ಹಾರ, ಫೋಟೊ. ಆ ಮೌನಗಳೇ ಕೃತಿಯ ಜೀವ ಎಂದು ದೊಡ್ಡ ಮನುಷ್ಯರೊಬ್ಬರು ನನ್ನ ಕೈ ಹಿಡಿದು ಹೇಳುತ್ತಿದ್ದಾಗ ಅಜ್ಜಿ ಪಕ್ಕಕ್ಕೆ ಬಂದು ನಿಂತರು.

"ತಪ್ಪಾಯ್ತು ಧಣಿ," ಎಂದರು. "ಒಬ್ಬಳು ಹೇಳಿದ್ದನ್ನು ಉಳಿದವರು ತಿರುಗಿ ಹೇಳ್ಬೇಕು. ಇಲ್ಲದಿದ್ರೆ ಮುಂದಿನ ಸಾಲಿಗೆ ಹೋಗ್ಲಿಕ್ಕಿಲ್ಲ. ಅಷ್ಟು ಜನ ಉಂಟು, ಯಾರೂ ಹೇಳ್ಲಿಲ್ಲ. ನನಗೆ ತಡೀಲಿಕ್ಕೆ ಆಗ್ಲಿಲ್ಲ."

ಜಗಲಿಯಲ್ಲಿ ಅವರು ಕಾದದ್ದು ನನ್ನ ಉತ್ತರಕ್ಕೆ. ಚಿಕ್ಕಂದಿನಲ್ಲಿ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಎಷ್ಟೋ ಸಲ ಕೇಳಿದ ಹಾಡು ಅದು. ಒಬ್ಬಳು ಹೇಳುವುದು, ಉಳಿದವರು ತಿರುಗಿ ಹೇಳುವುದು ಕಿವಿಗೆ ಬಿದ್ದೇ ಇರಬೇಕು. ಧಣಿಯ ಮಗನಿಗೆ ಅದೆಲ್ಲ ಕೆಲಸದವರ ಗದ್ದಲವಾಗಿತ್ತು, ಅಷ್ಟೇ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ತಪ್ಪು ನನ್ನದು ಎಂದಿದ್ದರೆ ಸಾಕಿತ್ತು. ಆದರೆ ಕೈ ಹಿಡಿದ ದೊಡ್ಡ ಮನುಷ್ಯರು ಕೇಳಿಸಿಕೊಳ್ಳುತ್ತಿದ್ದರು.

"ಪರವಾಗಿಲ್ಲ ಅಜ್ಜಿ," ಎಂದೆ. "ಇದೆಲ್ಲ ನಿಮಗೆ ಗೊತ್ತಿರ್ಲಿಕ್ಕಿಲ್ಲ."