ಹಾಸಿಗೆ ಓಣಿ ಕೇಳಿಸಿಕೊಂಡ ಜಗಳ

ಬಸ್ ಡಿಪೊದ ಅಂಗಳದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಸಾಲಾಗಿ ನಿಂತ ಬಸ್ಸುಗಳ ಗಾಜಿನ ಮೇಲೆ ಇಬ್ಬನಿ ಕೂತಿದೆ. ನಲ್ಲಿಯ ಬಳಿ ಒಬ್ಬ ಹೆಂಗಸು ತಲೆ ಹಿಂದಕ್ಕೆ ಚೆಲ್ಲಿ ಬಿಸಿ ಉಪ್ಪುನೀರು ಮುಕ್ಕಳಿಸುತ್ತಿದ್ದಾರೆ. ಗಳಗಳ ಸದ್ದು ಅಂಗಳದ ಆಚೆ ತುದಿಗೂ ಕೇಳಿಸುತ್ತದೆ. ಅಲ್ಲಿ ಬಿಳಿ ವ್ಯಾನಿನ ಗಾಜು ಒರೆಸುತ್ತಿರುವ ಗಂಡ ತಲೆ ಎತ್ತದೆಯೇ ಹೇಳುತ್ತಾರೆ: "ಗಂಟಲು ತೊಳೆದ್ರೇ ಊರಿಗೆಲ್ಲ ಗೊತ್ತಾಗುತ್ತೆ. ಇವಳಿಗೆ ಮೈಕ್ ಯಾಕೆ ಬೇಕು ಅಂತೀನಿ."

ಊರಿನ ಜನ ಇವರನ್ನು ಕರೆಯುವುದು ಮೈಕಮ್ಮ ಎಂದು. ದನಿ ಎಲ್ಲರಿಗೂ ಗೊತ್ತು, ಮುಖ ಗೊತ್ತಿರುವವರು ಮೊನ್ನೆ ಮೊನ್ನೆಯವರೆಗೂ ಕಡಿಮೆ. ಬಸ್ ನಿಲ್ದಾಣದ ಮಹಡಿಯ ಮೂಲೆಯಲ್ಲಿ ಗಾಜಿನ ಗೂಡೊಂದಿದೆ. ಅದರೊಳಗೆ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ಹೇಳುವುದು ಇಪ್ಪತ್ತು ವರ್ಷಗಳಿಂದ ಇವರ ಕೆಲಸ. ಬಸ್ಸು ಹಿಡಿದವರ್ಯಾರೂ ಮೇಲೆ ನೋಡುವುದಿಲ್ಲ. ಬಸ್ಸು ತಪ್ಪಿದವರು ಮಾತ್ರ ನೋಡುತ್ತಾರೆ, ಅದೂ ಕೆಂಗಣ್ಣಿನಿಂದ.

ಹೊಸ ಬಗೆಯ ಇನ್‌ಫ್ಲುಯೆಂಜಾ ದೇಶದೊಳಗೆ ಕಾಲಿಟ್ಟಾಗ ಮೊದಲು ಖಾಲಿಯಾದ ಜಾಗಗಳಲ್ಲಿ ಬಸ್ ನಿಲ್ದಾಣವೂ ಒಂದು. ಶಾಲೆಗಳಿಗೆ ಬೀಗ ಬಿತ್ತು, ಆಸ್ಪತ್ರೆಯ ಎದುರು ಶಾಮಿಯಾನ ಎದ್ದಿತು, ಬಸ್ಸುಗಳ ಓಡಾಟ ಕಾಲು ಭಾಗಕ್ಕಿಳಿಯಿತು. ಕೆಲವು ತಿಂಗಳ ಮೇಲೆ ರಾಜಧಾನಿಯಿಂದ ಲಸಿಕೆ ಬರತೊಡಗಿತು. ದೇಶದ ಪ್ರತಿ ಊರಿಗೂ ಸಂಚಾರಿ ಲಸಿಕಾ ವಾಹನ ಹೋಗಬೇಕು, ಆಸ್ಪತ್ರೆಗೆ ಬರಲಾಗದವರ ಬಾಗಿಲಿಗೇ ಲಸಿಕೆ ಮುಟ್ಟಬೇಕು ಎಂದು ಆರೋಗ್ಯ ಇಲಾಖೆ ತೀರ್ಮಾನಿಸಿತು. ವ್ಯಾನುಗಳಿದ್ದವು, ಓಡಿಸುವವರು ಸಾಲುತ್ತಿರಲಿಲ್ಲ, ಕೂಗಿ ಹೇಳುವವರಂತೂ ಇರಲೇ ಇಲ್ಲ. ಡಿಪೊದಲ್ಲಿ ಕೈಕಟ್ಟಿ ಕೂತಿದ್ದವರನ್ನು ಎರವಲು ಕೇಳಿದರು. ಹಾಗೆ ಗಾಜಿನ ಗೂಡಿನಿಂದ ಮೈಕಮ್ಮ ಇಳಿದರು, ಬೆಟ್ಟದ ದಾರಿಯ ಬಸ್ಸಿನಿಂದ ಅವರ ಗಂಡ ಇಳಿದರು. ಮದುವೆಯಾದ ಮೇಲೆ ಇಬ್ಬರೂ ಒಂದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಿದ್ದು ಅದೇ ಮೊದಲು.

"ಮನೇಲಿ ಸಿಗದೆ ಇದ್ದವರು ವ್ಯಾನಲ್ಲಿ ಸಿಕ್ಕಿಹಾಕ್ಕೊಂಡ್ರು" ಎನ್ನುತ್ತಾರೆ ಮೈಕಮ್ಮ.

"ಯಾರು ಯಾರಿಗೆ ಸಿಕ್ಕಿಹಾಕ್ಕೊಂಡಿದ್ದು ಅಂತ ಆಮೇಲೆ ಹೇಳ್ತೀನಿ" ಎನ್ನುತ್ತಾರೆ ಡ್ರೈವರ್.

ಲಸಿಕೆ ಕೊಡುವ ನರ್ಸಮ್ಮ ಬರುತ್ತಾರೆ. ಇಬ್ಬರಿಗೂ ಇವರು ಬರೀ ಸಿಸ್ಟರ್. ಮಂಜುಗಡ್ಡೆಯ ಚೀಲಗಳ ನಡುವೆ ಲಸಿಕೆ ಜೋಡಿಸಿಟ್ಟ ನೀಲಿ ಪೆಟ್ಟಿಗೆಯನ್ನು ಹಸುಗೂಸಿನಂತೆ ಎತ್ತಿ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಕಟ್ಟುತ್ತಾರೆ. ವ್ಯಾನು ಹೊರಡುತ್ತದೆ, ಇವರ ಬಗ್ಗೆ ಬರೆಯಲು ಬಂದ ನಾನೂ ಹತ್ತಿಕೊಂಡಿದ್ದೇನೆ. ದಿನಕ್ಕೆ ಏಳೆಂಟು ಬೀದಿ, ಇನ್ನೂರರಷ್ಟು ತೋಳು. ಒಂದೇ ಮಾತನ್ನು ಎಷ್ಟು ಸಲ ಹೇಳುತ್ತೀರಿ ಎಂದು ಕೇಳಿದರೆ ಮೈಕಮ್ಮ ನಗುತ್ತಾರೆ: "ಲೆಕ್ಕ ಇಟ್ಟಿಲ್ಲ. ಗಂಟಲು ಇಟ್ಟಿರುತ್ತೆ."

ಮೊದಲ ದಿನದ ಕತೆಯನ್ನು ಸಿಸ್ಟರ್ ಇವತ್ತಿಗೂ ಬಿದ್ದು ಬಿದ್ದು ನಗುತ್ತಾ ಹೇಳುತ್ತಾರೆ. ಮೊದಲ ಬೀದಿಯಲ್ಲಿ ವ್ಯಾನು ನಿಂತಿತು, ಮೈಕಮ್ಮ ಗಂಟಲು ಸರಿಮಾಡಿಕೊಂಡು ಶುರುಮಾಡಿದರು: "ಪ್ರಯಾಣಿಕರ ಗಮನಕ್ಕೆ! ಲಸಿಕೆಯು ಮೂರನೇ ಅಂಕಣದಿಂದ ಹೊರಡಲಿದೆ!" ಬಾಗಿಲುಗಳೆಲ್ಲ ತೆರೆದವು. ಯಾರ ಕೈಯಲ್ಲೂ ಚೀಲವಿರಲಿಲ್ಲ ಎನ್ನುವುದೊಂದೇ ಸಮಾಧಾನ.

ಇಲಾಖೆ ಓದಲು ಕೊಟ್ಟ ಪ್ರಕಟಣೆ ಉದ್ದವಾಗಿತ್ತು. 'ಅರ್ಹ ಫಲಾನುಭವಿಗಳು' ಎಂದು ಹೇಳಿದಾಗ ಒಬ್ಬ ಅಜ್ಜಿ, ಅವರ ಮನೆ ಯಾವುದಮ್ಮ ಎಂದು ಕೇಳಿದರಂತೆ. ಮೈಕಮ್ಮ ತಮ್ಮದೇ ಮಾತಿನಲ್ಲಿ ಬರೆದುಕೊಂಡು ಹೋಗಿ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಓದಿ ಖುಷಿಪಟ್ಟರು, ಒಂದು ಕಡೆ ಮಾತ್ರ ಗೀಟು ಹಾಕಿದರು. "ಜ್ವರ ಬರೋದೇ ಇಲ್ಲ ಅಂತ ಬರ್ದಿದ್ದೆ. ಹಾಗನ್ಬೇಡಿ, ಬರೋದು ಕಮ್ಮಿ, ಬಂದ್ರೂ ಜೋರಾಗೋದು ಕಮ್ಮಿ ಅಂತ ಹೇಳಿ ಅಂದ್ರು. ಸರಿಯಾಗೇ ಹೇಳಿದ್ರು. ಬರುತ್ತೆ ಅಂದ ಬಸ್ಸು ಬರದೆ ಇದ್ದಾಗ ಜನರ ಕೈಲಿ ಬೈಸ್ಕೊಂಡವಳು ನಾನು. ನಂಗೆ ಗೊತ್ತಿಲ್ವಾ?"

ಹೀಗೆ ಊರೆಲ್ಲ ಸುತ್ತಿದ ವ್ಯಾನು ಸಿಕ್ಕಿಬಿದ್ದಿದ್ದು ಹಾಸಿಗೆ ಓಣಿಯಲ್ಲಿ.

ಟೈರು ಅಂಗಡಿಗಳ ಹಿಂದೆ ಇರುವ ಆ ಓಣಿಯಲ್ಲಿ ಮನೆಮನೆಗೂ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಾರೆ. ಮುಂಭಾಗದಲ್ಲಿ ಹತ್ತಿಯ ರಾಶಿ, ಹಿಂಭಾಗದಲ್ಲಿ ಅಡುಗೆ, ಮೇಲೆ ಅಟ್ಟದಲ್ಲಿ ನಿದ್ದೆ. ಗಾಳಿಯಲ್ಲಿ ಸದಾ ಹತ್ತಿಯ ಎಳೆ ತೇಲುತ್ತಿರುತ್ತದೆ. ದೂಳು ಕುಡಿದು ಕುಡಿದು ವಯಸ್ಸಾದವರ ಎದೆಗೂಡು ಆಗಲೇ ಸೋತಿರುತ್ತದೆ. ಜ್ವರ ಹೊಕ್ಕರೆ ಇವರೇ ಮೊದಲು ಮಲಗುತ್ತಾರೆ ಎಂಬ ಭಯ ಡಾಕ್ಟರಿಗಿತ್ತು. ಓಣಿಯವರಿಗೆ ಮಾತ್ರ ಅಂಥ ಭಯವೇನೂ ಇರಲಿಲ್ಲ. ಅಲ್ಲಿಯ ಹಿರಿಯ, ಎಲ್ಲರೂ ಹತ್ತಿ ಅಜ್ಜ ಎನ್ನುವವರು, ಮೊದಲ ದಿನವೇ ಹೇಳಿ ಕಳಿಸಿದ್ದರು: "ಕೆಮ್ಮು ನಮಗೆ ಹೊಸ ನೆಂಟನಲ್ಲಮ್ಮ, ಮನೆ ಅಳಿಯ. ಪಕ್ಕದ ಬೀದೀಲಿ ಸೂಜಿ ಹಾಕಿಸ್ಕೊಂಡವರಿಗೆ ಇಲ್ಲದ ಜ್ವರ ಬಂತಂತೆ. ನಮ್ಮನ್ನ ಬಿಟ್ಟುಬಿಡಿ."

ಎರಡು ಸಲ ಹೋದರು. ಎರಡು ಸಲವೂ ಪೆಟ್ಟಿಗೆ ತುಂಬಿದಂತೆಯೇ ವಾಪಸ್ಸು ಬಂತು. ಮೂರನೇ ಸಲವೂ ಅದೇ ಪಾಡು. ಬೆಳಗಿನ ಬಿಸಿಲಲ್ಲಿ ಓಣಿಯ ಬಾಯಲ್ಲಿ ವ್ಯಾನು ನಿಂತಿತ್ತು. ಮೈಕಮ್ಮ ಹೇಳಬೇಕಾದ್ದನ್ನೆಲ್ಲ ಹೇಳಿ, ಸುಸ್ತಾಗಿ, ಮೈಕನ್ನು ಸೀಟಿನ ಮೇಲೆ ಹಾಕಿದರು. ಆಫ್ ಮಾಡಿದ್ದೇನೆ ಎಂದುಕೊಂಡಿದ್ದರು.

ಹಿಂದಿನ ಸೀಟಿನಿಂದ ಸಿಸ್ಟರ್ ತಮಾಷೆಗೆ ಅಂದರು: "ಅಣ್ಣ, ಯಾರೂ ಬರೋ ಹಾಗಿಲ್ಲ. ನಿಮ್ಮದಾದ್ರೂ ಮುಗಿಸಿಬಿಡೋಣ. ಡ್ರೈವರುಗಳಲ್ಲಿ ನೀವೊಬ್ರೇ ಬಾಕಿ."

ಮೈಕಮ್ಮ ತಿರುಗಿ ಗಂಡನ ಮುಖ ನೋಡಿದರು. ಡಿಪೊದ ಶಿಬಿರದಲ್ಲಿ ಹಾಕಿಸಿಕೊಂಡೆ ಎಂದು ಈ ಮನುಷ್ಯ ಮನೆಯಲ್ಲಿ ತೋಳು ತಿಕ್ಕಿಕೊಂಡು ಓಡಾಡಿದ್ದರು. ಹೆಂಡತಿಯ ಕೈಲಿ ಬಿಸಿನೀರಿನ ಶಾಖವನ್ನೂ ಕೊಡಿಸಿಕೊಂಡಿದ್ದರು.

"ಏನ್ರೀ ಇದು?"

"ಮೆತ್ತಗೆ ಮಾತಾಡೇ."

"ಯಾಕೆ ಮೆತ್ತಗೆ? ಶಾಖ ಕೊಟ್ಟೆನಲ್ರೀ ನಾನು! ಎರಡು ದಿನ!"

"ಸೂಜಿ ಅಂದ್ರೆ ನಂಗಾಗಲ್ಲ ಕಣೇ. ಚಿಕ್ಕಂದಿನಿಂದ್ಲೂ. ನೋಡಿದ್ರೇ ತಲೆ ತಿರುಗುತ್ತೆ."

"ಬೆಟ್ಟದ ತಿರುವಲ್ಲಿ ಐವತ್ತು ಜನರನ್ನ ಕೂರಿಸ್ಕೊಂಡು ಗಾಡಿ ಓಡಿಸೋವಾಗ ತಿರುಗದ ತಲೆ, ಇಷ್ಟುದ್ದ ಸೂಜಿಗೆ ತಿರುಗುತ್ತಾ? ಊರಿಗೆಲ್ಲ ಬನ್ನಿ ಬನ್ನಿ ಅಂತ ಗಂಟಲು ಹರ್ಕೊಳ್ತಿದ್ದೀನಿ. ನನ್ನ ಗಂಡ ಪಕ್ಕದಲ್ಲೇ ಕೂತು ಟೋಪಿ ಹಾಕ್ತಿದ್ದಾನೆ!"

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ವ್ಯಾನಿನೊಳಗೆ ಕೇಳಿಸಲಿಲ್ಲ. ಅಷ್ಟು ಹೊತ್ತಿಗೆ ಮೈಕಮ್ಮನ ದನಿಯೇ ಬೇರೆಯಾಗಿತ್ತು.

"ನಿಮ್ಮ ಕಂಡಕ್ಟರು ಏನು ಮುದುಕರಾಗಿದ್ರಾ? ಹನ್ನೆರಡು ವರ್ಷ ನಿಮ್ಮ ಹಿಂದೆ ನಿಂತು ಸೀಟಿ ಊದಿದವರು. ಸೋಮವಾರ ಕೆಮ್ಮು ಅಂದ್ರು, ಭಾನುವಾರ ಇರ್ಲಿಲ್ಲ. ಆಗ ಲಸಿಕೆ ಬಂದಿರ್ಲಿಲ್ಲ, ಸರಿ, ಯಾರ ತಪ್ಪೂ ಅಲ್ಲ. ಈಗ ಪೆಟ್ಟಿಗೆ ನಿಮ್ಮ ಬೆನ್ನ ಹಿಂದೆ ಇದೆ. ಇಷ್ಟಿದ್ದೂ ನೀವೂ ಹಾಗೇ ಹೋದ್ರೆ ನಾನು ಯಾರಿಗೆ ಹೇಳ್ಲಿ? ಯಾವ ಮೈಕಲ್ಲಿ ಹೇಳ್ಲಿ?"

ಡ್ರೈವರ್ ಸ್ಟೇರಿಂಗ್ ಹಿಡಿದು ಕೂತಿದ್ದರು. ಹತ್ತಿ ಹಿಂಜುವ ಯಂತ್ರಗಳ ಸದ್ದು ಯಾವಾಗ ನಿಂತಿತೋ ಗೊತ್ತಿಲ್ಲ, ಓಣಿ ಮೌನವಾಗಿತ್ತು. ಸಿಸ್ಟರಿಗೆ ಆ ಮೌನದಿಂದಲೇ ಅನುಮಾನ ಬಂತು. ಕಿಟಕಿಯಿಂದ ಇಣುಕಿದರೆ ಪ್ರತಿ ಬಾಗಿಲಲ್ಲೂ ಜನ. ಕೂದಲಿಗೆಲ್ಲ ಹತ್ತಿ ಮೆತ್ತಿಕೊಂಡ ಮುಖಗಳು ವ್ಯಾನಿನ ನೆತ್ತಿಯ ಕಹಳೆಯನ್ನೇ ನೋಡುತ್ತಿವೆ.

"ಅಕ್ಕಾ," ಎಂದರು ಸಿಸ್ಟರ್ ಪಿಸುದನಿಯಲ್ಲಿ, "ಮೈಕು!"

ಆ ಪಿಸುಮಾತೂ ಓಣಿಗೆಲ್ಲ ಕೇಳಿಸಿತು.

ಮೈಕಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತಂತೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಗ ಕಿಟಕಿಯ ಗಾಜನ್ನು ಯಾರೋ ಬೆರಳಿನಿಂದ ತಟ್ಟಿದರು. ಹತ್ತಿ ಅಜ್ಜ.

"ಜಗಳ ಮುಗೀತಾ ತಾಯಿ? ಮುಂದೇನಾಯ್ತು ಅಂತ ಕೇಳೋಕೆ ಬಂದೆ."

ಯಾರು ಮೊದಲು ನಕ್ಕರೋ, ಓಣಿಯೇ ನಕ್ಕಿತು. ಅಜ್ಜ ಡ್ರೈವರ್ ಕಡೆ ತಿರುಗಿದರು. "ನಂಗೂ ಸೂಜಿ ಅಂದ್ರೆ ಭಯಾನೇ ಕಣಯ್ಯ. ಸೂಜೀಲೇ ಅನ್ನ ತಿನ್ನೋನು ನಾನು, ಅದನ್ನ ಯಾರ ಹತ್ರ ಹೇಳ್ಕೊಳ್ಲಿ? ಮೊದಲು ನೀನು ಕೂತ್ಕೋ. ನಾಳೆ ನೀನು ಎದ್ದು ಗಾಡಿ ಓಡಿಸ್ಕೊಂಡು ಬಂದ್ರೆ ಆಮೇಲೆ ನನ್ನ ತೋಳು."

ಓಣಿಯ ನಡುವೆ ಸ್ಟೂಲು ಬಂತು. ಡ್ರೈವರ್ ಕಣ್ಣು ಮುಚ್ಚಿ ಕೂತರು. ಸಿಸ್ಟರ್ ಇನ್ನೂ ಹತ್ತಿ ಒದ್ದೆ ಮಾಡುತ್ತಿದ್ದಾಗಲೇ "ಆಯ್ತಾ?" ಎಂದರು. ನಿಜವಾಗಿ ಚುಚ್ಚಿದಾಗ ಅವರಿಗೆ ಗೊತ್ತೇ ಆಗಲಿಲ್ಲ. ಆಗ ಅವರು ಓಣಿಯವರಿಗೆ ಮನೆ ವಿಳಾಸ ಹೇಳುತ್ತಿದ್ದರು, ನಾಳೆ ಬರದಿದ್ದರೆ ಹುಡುಕಿಕೊಂಡು ಬನ್ನಿ ಎಂದು.

ಸಂಜೆ ಅವರಿಗೆ ಸ್ವಲ್ಪ ಮೈ ಬಿಸಿಯಾಯಿತು. ಮೈಕಮ್ಮ ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡಿದರು. ಹಾಗಾಗುವುದುಂಟು ಎಂದು ಸಿಸ್ಟರ್ ಮೊದಲೇ ಹೇಳಿದ್ದರು ನಿಜ, ಆದರೆ ನಾಳೆ ಗಂಡ ಏಳದಿದ್ದರೆ ಆ ಓಣಿ ಇನ್ನೆಂದೂ ಬಾಗಿಲು ತೆರೆಯುವುದಿಲ್ಲ. "ಅವತ್ತು ನಿಜವಾದ ಶಾಖ ಕೊಟ್ಟೆ" ಎನ್ನುತ್ತಾರೆ. ಬೆಳಿಗ್ಗೆ ಡ್ರೈವರ್ ಅವರಿಗಿಂತ ಮೊದಲೇ ಎದ್ದು ಶರ್ಟು ಹಾಕಿಕೊಂಡು ನಿಂತಿದ್ದರು.

ಓಣಿ ಕಾಯುತ್ತಿತ್ತು. ಡ್ರೈವರ್ ಇಳಿದು, ಯಾರೂ ಹೇಳದೆಯೇ ಮೈಕು ತೆಗೆದುಕೊಂಡರು. ಜೀವನದಲ್ಲಿ ಮೊದಲ ಸಲ. "ನಮಸ್ಕಾರ. ನಾನೇ ನಿನ್ನೆ ಬೈಸ್ಕೊಂಡವನು. ಸಂಜೆ ಸ್ವಲ್ಪ ಜ್ವರ ಬಂದಿತ್ತು, ಸುಳ್ಳು ಹೇಳಲ್ಲ. ಬೆಳಿಗ್ಗೆಗೆ ಹೋಯ್ತು. ತೋಳು ನೋಯ್ತಿದೆ. ಗೇರು ಹಾಕೋಕೆ ತೊಂದ್ರೆ ಇಲ್ಲ. ಅಷ್ಟೇ."

ಅಜ್ಜ ಅಂಗಿಯ ತೋಳು ಮಡಚಿ ಸ್ಟೂಲಿನ ಮೇಲೆ ಕೂತರು. ಅವರ ಹಿಂದೆ ಸೊಸೆ, ಅವಳ ಹಿಂದೆ ಪಕ್ಕದ ಮನೆಯ ಬಸುರಿ, ಅವಳ ಹಿಂದೆ ಇಡೀ ಓಣಿ. ಮಧ್ಯಾಹ್ನದೊಳಗೆ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಚೀಲಗಳಷ್ಟೇ ಉಳಿದವು.

ಸುದ್ದಿ ಮೇಲಿನವರಿಗೂ ಮುಟ್ಟಿತು. ಸರ್ಕಾರದ ಮೈಕಿನಲ್ಲಿ ಮನೆಜಗಳ ಎಂದರೆ ಸುಮ್ಮನೆ ಬಿಡುತ್ತಾರೆಯೇ? ಆರೋಗ್ಯಾಧಿಕಾರಿ ಕರೆಸಿದಾಗ ಮೈಕಮ್ಮ ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದೇ ಹೋದರು, ಹೇಗೂ ಕಿತ್ತುಕೊಳ್ಳುತ್ತಾರೆ ಎಂದು. ಅಧಿಕಾರಿ ಗಂಭೀರವಾಗಿ ಕೇಳಿದರು: "ರೈಲ್ವೆ ಗೇಟಿನ ಆಚೆಯ ಬೀದಿಯಲ್ಲೂ ಯಾರೂ ಬರ್ತಿಲ್ಲ. ಅಲ್ಲೂ ಒಂದು ಸಲ ಜಗಳ ಆಡೋಕಾಗುತ್ತಾ?"

"ಬೇಕು ಅಂದಾಗ ಬರಲ್ಲ ಸಾರ್," ಎಂದರಂತೆ ಇವರು. "ಅದಕ್ಕೆ ನಮ್ಮನೆಯವರು ಹೊಸದಾಗಿ ಏನಾದ್ರೂ ಮಾಡ್ಬೇಕು."

ಚಳಿಗಾಲದಲ್ಲಿ ಜ್ವರ ಇನ್ನೊಮ್ಮೆ ಊರಿಗೆ ಬಂತು. ಹಾಸಿಗೆ ಓಣಿಗೂ ನುಗ್ಗಿತು. ಹತ್ತಿ ಅಜ್ಜ ವಾರವಿಡೀ ತಾವೇ ಹೊಲಿದ ಹಾಸಿಗೆಯ ಮೇಲೆ ಮಲಗಿದರು, ಇದು ಇಷ್ಟು ಗಟ್ಟಿಯಾಗಿದೆ ಎಂದು ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ಎಂದು ಗೊಣಗಿದರು, ಎದ್ದು ಮತ್ತೆ ಹತ್ತಿ ಹಿಂಜಿದರು. ಇಬ್ಬರು ಮೂವರು ಆಸ್ಪತ್ರೆಗೆ ಹೋದರು, ಹೋದವರೆಲ್ಲ ಮನೆಗೆ ಬಂದರು. ಪಕ್ಕದ ಮನೆಯ ಬಸುರಿಗೆ ಹೆಣ್ಣುಮಗು ಹುಟ್ಟಿತು. "ಎಲ್ಲ ನಮ್ಮಿಂದಲೇ ಅಂತ ನಾನು ಹೇಳಲ್ಲ" ಎನ್ನುತ್ತಾರೆ ಸಿಸ್ಟರ್. "ಆದ್ರೆ ಆ ಓಣಿ ಹೆಸರು ಕೇಳಿದ್ರೆ ಈಗ ನಂಗೆ ಭಯ ಆಗಲ್ಲ."

ಮೈಕಮ್ಮನಿಗೆ ಮಾತ್ರ ಒಂದು ವಿಷಯ ಕೊರೆಯುತ್ತಿತ್ತು. ತೀರಿಹೋದವರ ಮಾತನ್ನು ಬೀದಿಯಲ್ಲಿ ಎಳೆದಾಡಿಬಿಟ್ಟೆನಲ್ಲ ಎಂದು. ಒಂದು ಭಾನುವಾರ ಗಂಡನನ್ನು ಕರೆದುಕೊಂಡು ಕಂಡಕ್ಟರ ಮನೆಗೆ ಹೋದರು. ಕಂಡಕ್ಟರ ಹೆಂಡತಿ ಕತೆಯನ್ನು ಆಗಲೇ ಕೇಳಿದ್ದರು. ಕುರ್ಚಿ ಹಾಕಿ ಕೂರಿಸಿ ಹೇಳಿದರು: "ಖಾಲಿ ಬಸ್ಸು ಹೊರಟ್ರೆ ಅವರಿಗೆ ಊಟ ಸೇರ್ತಿರ್ಲಿಲ್ಲ ಅಕ್ಕ. ಅವತ್ತು ಒಂದು ಓಣಿ ತುಂಬಿಸಿದ್ರಲ್ಲ, ಬಿಡಿ." ಡ್ರೈವರ್ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದರು.

ಈಗ ಬಸ್ಸುಗಳು ಒಂದೊಂದಾಗಿ ಮತ್ತೆ ಹೊರಡುತ್ತಿವೆ. ಬರುವ ತಿಂಗಳು ಮೈಕಮ್ಮ ಗಾಜಿನ ಗೂಡಿಗೆ, ಗಂಡ ಬೆಟ್ಟದ ದಾರಿಗೆ. ವ್ಯಾನಿನ ಕೊನೆಯ ಬೀದಿ ಮುಗಿಸಿ ಹಿಂತಿರುಗುವಾಗ, ಈ ಕೆಲಸ ಮುಗಿದ ಮೇಲೆ ಏನಾಸೆ ಎಂದು ಕೇಳುತ್ತೇನೆ. ಬಡ್ತಿ ಎನ್ನಬಹುದು, ರಜೆ ಎನ್ನಬಹುದು ಎಂದುಕೊಂಡಿದ್ದೆ. ಅವರು ಕಿಟಕಿಯಾಚೆ ನೋಡುತ್ತಾ ಯೋಚಿಸುತ್ತಾರೆ.

"ಆ ಓಣಿಗೆ ಒಂದಿನ ಸುಮ್ನೆ ಹೋಗ್ಬೇಕು. ನಡ್ಕೊಂಡು. ಹೇಳೋಕೆ ಏನೂ ಇರ್ಬಾರ್ದು."

ಡ್ರೈವರ್ ಗಾಡಿ ನಿಧಾನ ಮಾಡುತ್ತಾರೆ. "ನೀನು? ಹೇಳೋಕೆ ಏನೂ ಇಲ್ದೇನಾ?"

"ಕೇಳೋಕೆ ರೀ" ಎನ್ನುತ್ತಾರೆ ಮೈಕಮ್ಮ. "ನಮ್ಮನೆ ಕತೆ ಅವರಿಗೆಲ್ಲ ಗೊತ್ತು. ಅವರದ್ದು ನಂಗಿನ್ನೂ ಏನೂ ಗೊತ್ತಿಲ್ಲ."